ಜೋರಾಗಿ ಓಡಿದ ತಪ್ಪಿಗೆ

ಜಿಲ್ಲೆಯ ಕ್ರೀಡಾ ಆಯ್ಕೆಯ ಅಧಿಕಾರ ಹೊತ್ತ ಮಾನ್ಯರೇ,

ನನ್ನ ತಂಗಿ ಭಾಗೀರಥಿ ಓಟದಲ್ಲಿ ಮೊದಲು ಬಂದಾಗ ಅವಳನ್ನು ಮೋಸಗಾರ್ತಿ ಎಂದಿರಿ. ಕೊನೆಯವಳಾಗಿ ಬಂದಾಗ ಅನರ್ಹಳೆಂದಿರಿ. ಅವಳು ಎಷ್ಟನೆಯವಳಾಗಿ ಬಂದಿದ್ದರೆ ತಮಗೆ ಸಮಾಧಾನವಾಗುತ್ತಿತ್ತು? ಕಚೇರಿಗೆ ಬಂದು ಕೇಳೋಣವೆಂದರೆ ತಾವು ಸಿಗಲಿಲ್ಲ. ಅದಕ್ಕೇ ಊರೆಲ್ಲ ಓದುವಂತೆ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ಭಾಗೀರಥಿಗೆ ಇಪ್ಪತ್ತು ವರ್ಷ. ಗಡಿಯಾರ ನೋಡಲು ಬರುವುದಿಲ್ಲ. ನಮ್ಮೂರು ಸುರೇಬಾನದಿಂದ ಪಕ್ಕದ ರಾಮದುರ್ಗಕ್ಕೆ ಒಬ್ಬಳೇ ಬಸ್ಸು ಹತ್ತಲಾರಳು. ಆದರೆ ಓಡುತ್ತಾಳೆ. ಹಗ್ಗ ಹರಿದುಕೊಂಡ ಹೋರಿಯನ್ನು ಅವಳು ಕಬ್ಬಿನ ಹೊಲದ ಒಡ್ಡಿನ ಮೇಲೆ ಬೆನ್ನಟ್ಟಿ ಹಿಡಿದದ್ದನ್ನು ಕಂಡ ನಮ್ಮೂರ ವ್ಯಾಯಾಮ ಶಿಕ್ಷಕ ಶಂಕ್ರೆಪ್ಪ ಮಾಸ್ತರರು ಅವಳನ್ನು ಶಾಲೆಯ ಮೈದಾನಕ್ಕೆ ಕರೆದೊಯ್ದರು. ಎರಡು ವರ್ಷ ಕಲಿಸಿದರು. ಹುಚ್ಚಿ ಎನ್ನುತ್ತಿದ್ದ ಊರು ಅವಳನ್ನು ಹೆಸರು ಹಿಡಿದು ಕರೆಯತೊಡಗಿತು.

ಹೋದ ತಿಂಗಳು ಸವದತ್ತಿಯಲ್ಲಿ ರಾಜ್ಯಮಟ್ಟದ ಕ್ರೀಡಾಕೂಟಕ್ಕೆ ಬುದ್ಧಿಮಾಂದ್ಯರ ಆಯ್ಕೆ ನಡೆಯಿತು. ಉಳಿದವರನ್ನೆಲ್ಲ ಬಹಳ ಹಿಂದೆ ಬಿಟ್ಟು ಗೆದ್ದು, ನಗುತ್ತ ನಿಂತಿದ್ದ ಅವಳ ಎದುರಿಗೇ ತಾವು ಗದರಿದಿರಿ: “ಬುದ್ಧಿ ಇಲ್ಲದಾಕಿ ಇಷ್ಟ್ ಜೋರ ಹೆಂಗ ಓಡ್ತಾಳ್ರಿ ಮಾಸ್ತರ? ಯಾರಿಗೆ ಮೋಸ ಮಾಡಾಕ ಹತ್ತೀರಿ?”

ಹೋದ ವರ್ಷ ಸಿಡ್ನಿಯ ಅಂಗವಿಕಲರ ಒಲಿಂಪಿಕ್ಸಿನಲ್ಲಿ ಬುದ್ಧಿವಂತರೇ ಬುದ್ಧಿಮಾಂದ್ಯರ ಸೋಗು ಹಾಕಿ ಆಡಿ ಗೆದ್ದರಂತೆ. ಆ ಪಾಪಕ್ಕೆ ಸುರೇಬಾನದಲ್ಲಿ ಪ್ರಾಯಶ್ಚಿತ್ತವೇ? ಸರ್ಕಾರಿ ವೈದ್ಯರ ಪ್ರಮಾಣಪತ್ರವನ್ನೂ ತಾವು ನಂಬಲಿಲ್ಲ. ಹಾಗಾದರೆ ಎಲ್ಲರ ಜೊತೆ ಓಡಿಸಿ ಎಂದರೆ, “ಅಲ್ಲಿ ಬುದ್ಧಿಮಾಂದ್ಯರನ್ನ ತಗೊಳ್ಳಂಗಿಲ್ರಿ” ಎಂದರು ತಮ್ಮ ಗುಮಾಸ್ತರೇ! ಕೊನೆಗೆ ಬೈಲಹೊಂಗಲದಲ್ಲಿ ಮರುಪರೀಕ್ಷೆ ಎಂದಿರಿ.

ಊರಿಗೆ ಮರಳುವಾಗ ಬಸ್ಸಿನಲ್ಲಿ ಅವಳು ಕೇಳಿದಳು: “ಅಕ್ಕಾ, ಜೋರ ಓಡಿದ್ದು ತಪ್ಪಾತೇನ?” ಇಲ್ಲವೆಂದೆ.

ಬೈಲಹೊಂಗಲದಲ್ಲಿ ಸೀಟಿ ಊದಿದಾಗ ಎಲ್ಲರೂ ಓಡಿದರು. ಅವಳು ನಡೆದಳು. ಮಾಸ್ತರರು “ಓಡ ಯವ್ವಾ, ಓಡ!” ಎಂದು ಗಂಟಲು ಹರಿಯುವಂತೆ ಕೂಗಿದರೂ ನಡೆದೇ ಬಂದಳು. ನೇರವಾಗಿ ತಮ್ಮ ಮುಂದೆ ನಿಂತು ಕೇಳಿದಳು: “ಈಗ ಬರೋಬ್ಬರಿ ಆತೇನ್ರಿ, ಸಾಹೇಬ್ರ?”

ತಾವು ಆಯ್ಕೆಪಟ್ಟಿ ತೆಗೆದಿರಿ. ಅವಳ ಹೆಸರಿನ ಮೇಲೆ ಗೆರೆ ಎಳೆದಿರಿ.

ಮೊನ್ನೆ ಒಮ್ಮೆಲೇ ಮಳೆ ಬಂತು. ಅಂಗಳದಲ್ಲಿ ಹರವಿದ್ದ ಜೋಳ ಬಳಿದು ಒಳಗೊಯ್ಯಲು ಮನೆಮಂದಿಯೆಲ್ಲ ಓಡಿದೆವು. ಭಾಗೀರಥಿ ತೊಯ್ಯಿಸಿಕೊಳ್ಳುತ್ತ ನಡೆದು ಬಂದಳು. ಅವ್ವ ಬೈದರೆ ಅಳುತ್ತ, “ಓಡಿದ್ರ ಸಾಹೇಬ್ರು ಬೈತಾರ” ಎಂದಳು. ಅವ್ವ ಜೋಳ ಬಿಟ್ಟು ಅಲ್ಲೇ ಕುಸಿದು ಕುಳಿತಳು.

ಮಾನ್ಯರೇ, ರಾಜ್ಯಮಟ್ಟದ ಕೂಟಕ್ಕೆ ಇನ್ನೂ ಸಮಯವಿದೆ. ಅವಳ ಹೆಸರು ಸೇರಿಸಿ. ಅದು ಆಗದಿದ್ದರೆ ಇಷ್ಟಾದರೂ ಮಾಡಿ. ನಾವು, ಮಾಸ್ತರರು, ಎಷ್ಟು ಹೇಳಿದರೂ ಅವಳು ನಂಬುತ್ತಿಲ್ಲ. ನಂಬಿದ್ದು ತಮ್ಮೊಬ್ಬರ ಮಾತನ್ನು. ಒಮ್ಮೆ ನಮ್ಮ ಮನೆಗೆ ಬನ್ನಿ. ತಮ್ಮ ಬಾಯಿಂದಲೇ ಅವಳಿಗೆ “ಓಡು” ಎಂದು ಹೇಳಿ ಹೋಗಿ.

ಇಂತಿ,
ತಮ್ಮ ಲೆಕ್ಕದಲ್ಲಿ ಮೋಸಗಾರ್ತಿಯ ಅಕ್ಕ,
ಲಗಮವ್ವ, ಸುರೇಬಾನ