ಕೊನೆಯ ಹಳದಿ ವೃತ್ತ ರಸ್ತೆಯ ಮೇಲಿದೆ

ಅರ್ರಯಾನೆಸ್ ಹಳ್ಳಿ, ಬೊಯಾಕಾ ಬೆಟ್ಟಸೀಮೆ, ಕೊಲಂಬಿಯಾ
ಜೂನ್ 2020

ಮಾನ್ಯ ಸಂಚಾರ ಸುರಕ್ಷತಾ ಕಾರ್ಯದರ್ಶಿಯವರೇ,

ರೋಗದಿಂದ ನಮ್ಮನ್ನು ಕಾಪಾಡಲೆಂದು ತಾವು ಅಂಗಡಿಯ ಸಾಲಿಗೆ ಬರೆಸಿದ ಹಳದಿ ವೃತ್ತಗಳಲ್ಲಿ ಕೊನೆಯವು ಹೆದ್ದಾರಿಯ ಡಾಂಬರಿನ ಮೇಲೆ ಬಿದ್ದಿವೆ. ಹೋದ ಶುಕ್ರವಾರ ಎರ್ಮಿಂದಾ ಅಂಥದ್ದೊಂದು ವೃತ್ತದೊಳಗೆ ಮಾಸ್ಕ್ ಹಾಕಿಕೊಂಡು, ಕೈಚೀಲ ಹಿಡಿದುಕೊಂಡು, ತಮ್ಮ ಆದೇಶದಂತೆ ಅಲುಗಾಡದೆ ನಿಂತಿದ್ದಳು. ಅವಳು ನನ್ನ ಕೊಮಾದ್ರೆ. ನನ್ನ ಮಗಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು ಎರಡನೆಯ ತಾಯಿಯಾಗಿ ನಿಂತವಳು. ಪಾರ್ಸೆಲ್ ಲಾರಿಯೊಂದು ಅವಳ ಕಾಲು ಮುರಿದು ಚರಂಡಿಗೆ ಬಿತ್ತು. ಇದಕ್ಕೆ ಕಾರಣವೇನೆಂದು ತಮ್ಮ ಕಚೇರಿ ಬಹಳ ಬೇಗ ಕಂಡುಹಿಡಿಯಿತು. ಅವಳು ವೃತ್ತ ಬಿಟ್ಟು ಹೊರಗೆ ಹಾರಿದ್ದೇ ಕಾರಣವಂತೆ.

ಈ ಮಾತನ್ನು ತಮ್ಮೆದುರು ನಿಂತೇ ಹೇಳಬೇಕೆಂದು ಕಚೇರಿಗೆ ಬಂದಿದ್ದೆ. ಜನರ ಆರೋಗ್ಯದ ಹಿತದೃಷ್ಟಿಯಿಂದ ಜನರನ್ನು ಭೇಟಿ ಮಾಡುವುದಿಲ್ಲ ಎಂದು ಬಾಗಿಲ ಮೇಲೆ ಬರೆದಿತ್ತು. ಹಾಗಾಗಿ ಈ ಪತ್ರದ ಒಂದು ಪ್ರತಿಯನ್ನು ಚರ್ಚಿನ ಬಾಗಿಲಿಗೆ ಅಂಟಿಸಿದ್ದೇನೆ, ಇನ್ನೊಂದನ್ನು ನಮ್ಮ ಪಾದ್ರಿಗಳು ಚರ್ಚಿನ ರೇಡಿಯೋದಲ್ಲಿ ಓದುತ್ತಾರೆ. ನಾನು ಓದಿದ್ದು ಬೆಟ್ಟದ ಮೇಲಿನ ಒಂದೇ ಕೋಣೆಯ ಶಾಲೆಯಲ್ಲಿ. ತಪ್ಪಿದ್ದರೆ ತಿದ್ದಿಕೊಳ್ಳಿ. ತಮ್ಮ ತಪ್ಪನ್ನು ತಿದ್ದಲು ನಾನು ಇಷ್ಟು ಶ್ರಮಪಡುತ್ತಿರುವಾಗ ತಾವೂ ಅಷ್ಟು ಮಾಡಬಹುದಲ್ಲವೇ?

ಮೊದಲು ವೃತ್ತಗಳ ವಿಷಯ. ನಮ್ಮೂರಿಗೆ ಇರುವುದು ದೋನ್ ಅನ್ಸೆಲ್ಮೊ ಅವರ ಅಂಗಡಿ ಒಂದೇ. ಅದರ ಜಗಲಿ ಎಷ್ಟು ಅಗಲವೆಂದರೆ ಎರಡು ಆಲೂಗಡ್ಡೆ ಮೂಟೆ, ಒಂದು ನಾಯಿ, ಅಷ್ಟೇ. ಒಳಗೆ ಒಬ್ಬರೇ ಹೋಗಬೇಕು, ಉಳಿದವರು ಎರಡೆರಡು ಮೀಟರ್ ದೂರದಲ್ಲಿ ನಿಲ್ಲಬೇಕು, ವಾರದಲ್ಲಿ ಕೆಲವು ದಿನ ಗಂಡಸರು, ಕೆಲವು ದಿನ ಹೆಂಗಸರು ಎಂದು ತಮ್ಮ ಆದೇಶ ಬಂತು. ನಾವು ಒಪ್ಪಿದೆವು. ಬಣ್ಣದ ಡಬ್ಬ ಹಿಡಿದುಕೊಂಡು ತಮ್ಮ ಕಡೆಯ ಒಬ್ಬ ಮನುಷ್ಯ ಬಂದ. ಜಗಲಿ ಮುಗಿಯಿತು, ರಸ್ತೆಯ ಅಂಚು ಮುಗಿಯಿತು, ಅದರಾಚೆ ಪ್ರಪಾತ. ಆತ ಒಂದು ಕ್ಷಣ ಪ್ರಪಾತವನ್ನು ನೋಡಿದ, ಒಂದು ಕ್ಷಣ ಹೆದ್ದಾರಿಯನ್ನು ನೋಡಿದ, ಆಮೇಲೆ ಹೆದ್ದಾರಿಯ ಮೇಲೆ ಬರೆಯತೊಡಗಿದ.

"ಏನಪ್ಪಾ, ಇದು ಲಾರಿ ಓಡೋ ಜಾಗ ಅಲ್ವಾ?" ಎಂದೆ.

"ಹೌದಮ್ಮಾ. ಆದ್ರೆ ನನ್ ಆದೇಶದಲ್ಲಿ ಎಷ್ಟು ದೂರಕ್ಕೊಂದು ಅಂತ ಮಾತ್ರ ಬರ್ದಿದಾರೆ. ಎಲ್ಲಿ ಅಂತ ಬರ್ದಿಲ್ಲ."

"ಮತ್ತೆ ಅಲ್ಲಿ ನಿಂತೋರ ಗತಿ?"

"ನೀವು ಬೇಗ ಬಂದ್ಬಿಡಿ ದೋನ್ಯಾ, ಮುಂದಿನ ವೃತ್ತ ಸಿಗತ್ತೆ."

ಬೇಗ ಬರುವುದು ಹೇಗೆ? ನಾನು, ಎರ್ಮಿಂದಾ ಇಬ್ಬರೂ ಎಲ್ಲರಿಗಿಂತ ಮೇಲೆ ಇರುವವರು. ಹಸು ಕರೆಯಬೇಕು, ಹಾಲಿನ ಕ್ಯಾನ್ ಇಳಿಸಬೇಕು, ಆಮೇಲೆ ಅಂಗಡಿ. ಆದ್ದರಿಂದ ಸಾಲಿನ ಬಾಲ ಯಾವಾಗಲೂ ನಾವೇ. ಆ ಕೊನೆಯ ವೃತ್ತಗಳು ನಮ್ಮಿಬ್ಬರ ಹೆಸರಿಗೆ ನೋಂದಾಯಿಸಿದ ಹಾಗೆ ಆಗಿಬಿಟ್ಟವು.

ಇನ್ನು ಲಾರಿಗಳು. ಮೊದಲು ಈ ರಸ್ತೆಯಲ್ಲಿ ಬಸ್ಸು ಓಡುತ್ತಿತ್ತು, ಆಲೂಗಡ್ಡೆ ಓಡುತ್ತಿತ್ತು. ಈಗ ಮನುಷ್ಯರು ಮನೆಯೊಳಗೆ, ರಟ್ಟಿನ ಡಬ್ಬಗಳು ರಸ್ತೆಯಲ್ಲಿ. ಡಬ್ಬಗಳಿಗೆ ಮಾಸ್ಕ್ ಇಲ್ಲ, ಪಾಸ್ ಬೇಡ, ಹೆಣ್ಣು ಡಬ್ಬ ಗಂಡು ಡಬ್ಬ ಎಂದು ದಿನ ಹಂಚುವ ಕಾಟವೂ ಇಲ್ಲ. ಪೇಟೆಯ ಜನ ತರಿಸಿಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಕೂತವರಿಗೆ ಔಷಧಿ ಬೇಕು, ಹಿಟ್ಟು ಬೇಕು. ನಮ್ಮ ಪಾದ್ರಿಗಳೇ ಚರ್ಚಿನ ಭಾನುವಾರದ ಬಲಿಪೂಜೆಯನ್ನು ಫೋನಿನಲ್ಲಿ ತೋರಿಸಲು ಒಂದು ದೀಪ ತರಿಸಿಕೊಂಡರು, ದೇವರು ಅವರನ್ನು ಹರಸಲಿ. ಆದರೆ ಎಲ್ಲರ ಮನೆಬಾಗಿಲಿಗೂ ಎಲ್ಲವೂ ನಾಳೆಯೇ ಬರಬೇಕೆಂದರೆ ಅದನ್ನು ತರುವವನು ಇಂದು ಮಲಗುವ ಹಾಗಿಲ್ಲ ಎಂಬುದು ನನ್ನಂಥವಳಿಗೂ ತಿಳಿಯುತ್ತದೆ. ತಮಗೆ ತಿಳಿದದ್ದು ಬೇರೆ. ಲಾರಿಗಳು ತಡವಾಗುತ್ತಿವೆ ಎಂದು ದೂರು ಬಂದೊಡನೆ ನಮ್ಮ ರಸ್ತೆಯನ್ನು 'ಅಗತ್ಯ ವಸ್ತುಗಳ ಮಾರ್ಗ' ಎಂದು ಘೋಷಿಸಿ, ಅಂಗಡಿ ಪಕ್ಕದ ತಿರುವಿಗೆ ಮುಂಚೆ ಇದ್ದ ಹಂಪ್ ಅನ್ನು ಯಂತ್ರ ತಂದು ಕೆರೆದು ಹಾಕಿಸಿದಿರಿ. ಶಾಲೆಗೆ ಛಾವಣಿ ಕೇಳಿ ನಮಗೆ ವಯಸ್ಸಾಯಿತು. ಹಂಪ್ ತೆಗೆಯುವ ಯಂತ್ರ ಮಾತ್ರ ಒಂದೇ ವಾರದಲ್ಲಿ ಬಂತು. ಸರಕಾರ ಕೆಲಸ ಮಾಡುವುದಿಲ್ಲ ಎಂದು ಇನ್ನು ಮೇಲೆ ಯಾರೂ ಅನ್ನಬಾರದು.

ಹಂಪ್ ಹೋದರೂ ನನಗೆ ಭಯವಿರಲಿಲ್ಲ, ತಿರುವಿನಲ್ಲಿ ನಮ್ಮ ತಾಯಿ ಇದ್ದಳು. ಕಾರ್ಮೆನ್ ಮಾತೆ ಡ್ರೈವರುಗಳ ತಾಯಿ ಎಂಬುದು ತಮಗೂ ಗೊತ್ತಿರಬೇಕು. ಪ್ರತಿ ವರ್ಷ ಜುಲೈನಲ್ಲಿ ಅವಳ ಹಬ್ಬಕ್ಕೆ ತಮ್ಮ ಕಚೇರಿಯ ಕಾರು ಕೂಡ ಹೂವು ಕಟ್ಟಿಸಿಕೊಂಡು ತೀರ್ಥ ಹಾಕಿಸಿಕೊಳ್ಳಲು ನಮ್ಮ ಲಾರಿಗಳ ಸಾಲಿನಲ್ಲಿ ನಿಲ್ಲುತ್ತದೆ. ನಿಲ್ಲುವುದಲ್ಲ, ಸಾಲು ಮುರಿದು ಮುಂದೆ ಬರುತ್ತದೆ, ಇರಲಿ. ಆ ತಿರುವಿನಲ್ಲಿ ತಾಯಿಯ ಪ್ರತಿಮೆ ಇಟ್ಟ ಗೂಡಿದೆ. ಅಪಘಾತದಿಂದ ಪಾರಾದ ಡ್ರೈವರು ತನ್ನ ಬಂಡಿಯ ಒಡೆದ ಹೆಡ್‌ಲೈಟನ್ನು ತಂದು ಹರಕೆಯಾಗಿ ಅಲ್ಲಿ ಕಟ್ಟುತ್ತಾನೆ. ಅಪ್ಪಂದಿರು ಕಟ್ಟಿದ್ದು, ಮಕ್ಕಳು ಕಟ್ಟಿದ್ದು ಸೇರಿ ಗೂಡಿನ ಸುತ್ತ ಗೋಡೆಯೇ ಎದ್ದಿತ್ತು. ಬೆಟ್ಟದ ಮಂಜು ಇಳಿದಾಗ ಬಂಡಿಯ ಬೆಳಕು ಅವುಗಳ ಮೇಲೆ ಬಿದ್ದು, ನೂರು ಕಣ್ಣು ಒಟ್ಟಿಗೆ ತೆರೆದ ಹಾಗೆ ಮಿನುಗುತ್ತಿತ್ತು. ಎಂಥ ಅವಸರದವನೂ ಅಲ್ಲಿ ವೇಗ ತಗ್ಗಿಸಿ, ಶಿಲುಬೆಯ ಗುರುತು ಹಾಕಿಕೊಂಡು, ಒಂದು ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದ. ಹಾರ್ನ್ ಕೇಳಿದ ನಾವು ರಸ್ತೆಯಿಂದ ಸರಿದು ನಿಲ್ಲುತ್ತಿದ್ದೆವು.

ಡ್ರೈವರುಗಳು ಇಳಿದು ಗಾಜು ಮುಟ್ಟುತ್ತಾರೆ, ಇದು ಜನ ಸೇರುವ ಸ್ಥಳ ಎಂದು ತಾವು ಗೂಡಿಗೆ ಪಟ್ಟಿ ಸುತ್ತಿಸಿ ಮುಚ್ಚಿಸಿದಿರಿ. ತಾಯಿಯನ್ನು ಪಾದ್ರಿಗಳ ಕೋಣೆಗೆ ಒಯ್ದರು. ಹೆಡ್‌ಲೈಟುಗಳನ್ನು ರೋಗ ಹರಡುವ ಗುಜರಿ ಎಂದು ಮೂಟೆ ಕಟ್ಟಿ ಚರ್ಚಿನ ಉಗ್ರಾಣಕ್ಕೆ ಹಾಕಿಸಿದಿರಿ. ನಾನು ಜಪಸರ ಹಿಡಿಯುವ ಹೆಂಗಸು, ತಾಯಿ ಎಲ್ಲಿದ್ದರೂ ನಮ್ಮನ್ನು ನೋಡುತ್ತಾಳೆಂದು ನಂಬುತ್ತೇನೆ. ಆದರೆ ಲಾರಿಯವನು ಅವಳನ್ನು ನೋಡಬೇಡವೇ?

ಶುಕ್ರವಾರ ಮಂಜು ದಟ್ಟವಾಗಿತ್ತು. ಕೊನೆಯ ವೃತ್ತದಲ್ಲಿ ಎರ್ಮಿಂದಾ, ಅದರ ಮುಂದಿನದರಲ್ಲಿ ನಾನು. ಬೆಲ್ಲ ಸಿಗುತ್ತದೋ ಇಲ್ಲವೋ ಎಂದು ಮಾತಾಡಿಕೊಳ್ಳುತ್ತಿದ್ದೆವು.

"ಕೊಮಾದ್ರೆ, ಈ ವೃತ್ತದೊಳಗೆ ನಿಂತ್ರೆ ನಾನು ಮಾರಾಟಕ್ಕಿಟ್ಟ ಕೋಳಿ ಥರ ಕಾಣ್ತೀನಲ್ವಾ?" ಎಂದಳು.

"ಕೋಳಿ ಆಗಿದ್ರೆ ಇಷ್ಟೊತ್ತಿಗೆ ಯಾರಾದ್ರೂ ಕೊಂಡ್ಕೊಂಡಿರೋರು. ಸುಮ್ನೆ ನಿಂತ್ಕೋ."

ಅವಳು ನಗುತ್ತಿದ್ದಾಗಲೇ ಮಂಜಿನಿಂದ ಲಾರಿ ಬಂತು. ಹಾರ್ನ್ ಇಲ್ಲ, ಏನೂ ಇಲ್ಲ. ಎರ್ಮಿಂದಾ ಹಾರಿದಳು. ಲಾರಿ ನಮ್ಮ ಸಾಲನ್ನು ಕಂಡು ಹೊರಳಿತು, ಅದರ ಹಿಂಭಾಗ ಅವಳ ಮೊಣಕಾಲಿಗೆ ಬಡಿಯಿತು, ಆಮೇಲೆ ಎದುರು ಬದಿಯ ಚರಂಡಿಗೆ ಮಗುಚಿತು. ಅವಳು ನಿಂತಿದ್ದ ವೃತ್ತದ ನಟ್ಟನಡುವೆ ಟೈರಿನ ಕಪ್ಪು ಗುರುತು ಇದೆ. ಮಳೆ ಬಂದರೂ ಹೋಗಿಲ್ಲ, ಬಂದು ನೋಡಿ.

ಲಾರಿಯಿಂದ ತೆವಳಿ ಬಂದವನು ಎದಿಲ್ಸನ್. ಹೊರಗಿನವನಲ್ಲ, ಕೆಳಗಿನ ಹಳ್ಳಿಯವನು. ಬಸ್ಸು ನಿಲ್ಲುವವರೆಗೆ ನಮ್ಮನ್ನೆಲ್ಲ ಸಂತೆಗೆ ಕರೆದೊಯ್ಯುತ್ತಿದ್ದವನು ಅವನೇ. ಬಸ್ಸು ಹೋದ ಮೇಲೆ ಹಳೆಯ ಆಲೂಗಡ್ಡೆ ಲಾರಿಯೊಂದರಲ್ಲಿ ಪಾರ್ಸೆಲ್ ಡಬ್ಬ ಸಾಗಿಸುತ್ತಿದ್ದಾನೆ. ಎರ್ಮಿಂದಾಳ ಪಕ್ಕದಲ್ಲಿ ಮೊಣಕಾಲೂರಿ ಕೂತು ಅಳತೊಡಗಿದ. ಬಿದ್ದವಳು ಅವಳು, ಸಮಾಧಾನ ಮಾಡಿದವಳೂ ಅವಳೇ.

"ಅಳ್ಬೇಡ್ವೋ. ಬಸ್ಸಲ್ಲಿ ಕೂರಿಸ್ಕೊಂಡು ಮೊಟ್ಟೆ ಬುಟ್ಟಿ ಒಡೀದಂಗೆ ಕರ್ಕೊಂಡ್ ಹೋಗೋನು, ಇವತ್ತೇನಾಯ್ತೋ ನಿಂಗೆ?"

"ದೋನ್ಯಾ ಎರ್ಮಿಂದಾ, ತಾಯಾಣೆ, ತಿರುವು ಇನ್ನೂ ಮುಂದಿದೆ ಅಂದ್ಕೊಂಡೆ. ಲೈಟು ಮಿನುಗ್ಲಿಲ್ಲ. ಮಿನುಗೋದನ್ನೇ ಕಾಯ್ತಾ ಇದ್ದೆ."

ಈ ಮಾತನ್ನು ತಮ್ಮ ಪೊಲೀಸನ ಎದುರು ಅವನು ಮತ್ತೆ ಹೇಳಿದ. ವರದಿಯಲ್ಲಿ ಅದು ಇಲ್ಲ.

ಆಂಬುಲೆನ್ಸ್ ಬರುವುದು ತಡವಾಯಿತು, ಅದು ಅಗತ್ಯ ವಸ್ತುಗಳ ಪಟ್ಟಿಯಲ್ಲಿ ಇತ್ತೋ ಇಲ್ಲವೋ ತಿಳಿಯದು. ಅಷ್ಟರಲ್ಲಿ ಚರಂಡಿಯ ತುಂಬ ಚೆಲ್ಲಿದ್ದ ಅಗತ್ಯ ವಸ್ತುಗಳ ದರ್ಶನ ನಮಗಾಯಿತು. ನಿಂತಲ್ಲೇ ಓಡುವ ಯಂತ್ರ ಒಂದು. ಪಾಪ, ಹೊರಗೆ ಓಡಲು ತಾವು ಬಿಡುವುದಿಲ್ಲವಲ್ಲ. ನಾಯಿಗೆ ಮೆತ್ತೆಯ ಹಾಸಿಗೆ. ಬೆನ್ನು ಕೆರೆದುಕೊಳ್ಳುವ ಕೋಲು. ಎಲ್ಲದರ ಮೇಲೂ 'ತುರ್ತು' ಎಂದು ಕೆಂಪಕ್ಷರ. ಒಂದು ಡಬ್ಬ ಒಡೆದು ದುಂಡನೆಯ ಸ್ಟಿಕರುಗಳು ನೀರಿನಲ್ಲಿ ಹರಡಿಕೊಂಡಿದ್ದವು. 'ನಿಮ್ಮ ಜೀವ ನಮಗೆ ಅಮೂಲ್ಯ. ಅಂತರ ಕಾಯ್ದುಕೊಳ್ಳಿ.' ಡಬ್ಬದ ಮೇಲಿನ ವಿಳಾಸ ಓದಿದೆ. ಅದು ತಮ್ಮ ಕಚೇರಿಯದೇ ಆಗಿತ್ತು, ಮಾನ್ಯರೇ. ತಲುಪಲು ತಡವಾದದ್ದಕ್ಕೆ ಊರಿನ ಪರವಾಗಿ ಕ್ಷಮೆ ಕೇಳುತ್ತೇನೆ.

ಓಡುವ ಯಂತ್ರದ ರಟ್ಟನ್ನು ಎದಿಲ್ಸನ್ ಹರಿದು ಕೊಟ್ಟ. ನಾನು ನನ್ನ ಶಾಲಿನ ಅಂಚು ಕಿತ್ತು ಎರ್ಮಿಂದಾಳ ಕಾಲಿಗೆ ಅದನ್ನು ಬಿಗಿಯಾಗಿ ಕಟ್ಟಿದೆ. ಅವಳು ಆಸ್ಪತ್ರೆಗೆ ಹೋದದ್ದು ಕಾಲಿನ ಮೇಲೆ 'ಒಡೆಯುವ ವಸ್ತು, ಜೋಪಾನ' ಎಂಬ ಬರಹ ಹೊತ್ತುಕೊಂಡು. ಆ ಇಡೀ ಲಾರಿಯಲ್ಲಿ ನಿಜವಾಗಿ ಅಗತ್ಯಕ್ಕೆ ಬಂದ ವಸ್ತು ಆ ರಟ್ಟು ಒಂದೇ.

ಇದೆಲ್ಲ ನಡೆಯುವಾಗ ತಮ್ಮ ಪೊಲೀಸ ಟೇಪು ಹಿಡಿದುಕೊಂಡು ವೃತ್ತಕ್ಕೂ ಅವಳಿಗೂ ಇದ್ದ ದೂರ ಅಳೆಯುತ್ತಿದ್ದ.

"ಅಮ್ಮಾ, ವೃತ್ತದಿಂದ ಹೊರಗೆ ಬಂದಿದೀರಲ್ಲ?"

"ಬರ್ದೇ ಇದ್ದಿದ್ರೆ ಬಣ್ಣದ ಜೊತೆ ನನ್ನನ್ನೂ ಕೆರೆದು ತೆಗೀಬೇಕಾಗಿತ್ತಲ್ಲಪ್ಪಾ," ಎಂದಳು ಎರ್ಮಿಂದಾ, ನೋವಿನಲ್ಲಿ ಹಲ್ಲು ಕಚ್ಚಿಕೊಂಡು.

"ಅದು ಸರಿ. ಆದ್ರೆ ಹೊರಗೆ ಬಂದಿದ್ದು ಹೌದು ತಾನೇ?"

ಹೌದೆಂದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿಲ್ಲ. ತಮ್ಮ ವರದಿಯಲ್ಲಿ ಉಳಿದದ್ದು ಆ ಒಂದು ಹೌದು ಮಾತ್ರ. 'ಅಪಘಾತಕ್ಕೆ ಕಾರಣ: ಪಾದಚಾರಿಯ ಅಶಿಸ್ತು. ಸ್ಥಳದಲ್ಲಿ ಬದಲಾವಣೆಯ ಅಗತ್ಯವಿಲ್ಲ.' ಅಶಿಸ್ತಿಗೆ ಶಿಕ್ಷೆಯೆಂದರೆ ಅವಳು ಫೋನಿನ ಮೂಲಕ ಸುರಕ್ಷಿತ ಅಂತರದ ಪಾಠ ಕೇಳಬೇಕು. ನಮ್ಮೂರಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಎಲ್ಲಿ ಗೊತ್ತೇ? ಆ ತಿರುವಿನಲ್ಲಿ, ಕೊನೆಯ ವೃತ್ತದ ಪಕ್ಕ. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಇರುವ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿ, ಹೊತ್ತು ತಂದು, ಹೆದ್ದಾರಿಯ ನಡುವೆ ಇಟ್ಟು, ರಸ್ತೆಯಲ್ಲಿ ಸುರಕ್ಷಿತವಾಗಿರುವುದು ಹೇಗೆಂದು ಕಲಿಸಬೇಕೆಂಬುದು ತಮ್ಮ ಇಚ್ಛೆಯೇ? ಪದೇ ಪದೇ ಕೈ ತೊಳೆಯಿರಿ ಎಂದು ತಮ್ಮ ಭಿತ್ತಿಪತ್ರ ಹೇಳುತ್ತದೆ. ನಾವು ಸೋಪು ಇದ್ದಷ್ಟು ದಿನ ತೊಳೆಯುತ್ತೇವೆ. ತಮ್ಮ ಕಚೇರಿ ಮಾತ್ರ ನೀರು ಸೋಪು ಎರಡೂ ಇಲ್ಲದೆ ಎಷ್ಟು ಚೊಕ್ಕವಾಗಿ ಕೈ ತೊಳೆದುಕೊಂಡಿತು! ನಮ್ಮ ಸ್ವಾಮಿಯನ್ನು ಶಿಲುಬೆಗೆ ಒಪ್ಪಿಸಿ, ಜನರೆದುರು ಹಾಗೆ ಕೈ ತೊಳೆದುಕೊಂಡ ಒಬ್ಬ ಅಧಿಕಾರಿಯ ವಿಷಯ ನಾವು ಪ್ರತಿ ಪವಿತ್ರ ವಾರದಲ್ಲೂ ಚರ್ಚಿನಲ್ಲಿ ಕೇಳುತ್ತೇವೆ. ಅವನನ್ನು ಯಾರೂ ಮರೆತಿಲ್ಲ.

ನಿನ್ನೆ ಎರ್ಮಿಂದಾಳ ಹಸುಗಳನ್ನೂ ನಾನೇ ಕರೆದು, ಅವಳಿಗೆ ಬೆಲ್ಲದ ನೀರು ಕಾಯಿಸಿ ಕೊಟ್ಟೆ. ಆ ಕಾಲನ್ನು ಇನ್ನು ಪೂರ್ತಿ ಮಡಚಲಾಗದೆಂದು ಡಾಕ್ಟರು ಹೇಳಿದ್ದಾರೆ. ಮೊಣಕಾಲೂರಿ ಪ್ರಾರ್ಥಿಸದೆ ಮಲಗದ ಹೆಂಗಸು ಅವಳು. ನಾನು ಅಳತೊಡಗಿದೆ, ಅವಳು ಗದರಿದಳು.

"ನನ್ ಕಾಲಿನ್ ಕಥೆ ಬಿಡು, ಕೂತ್ಕೊಂಡ್ ಬೇಡ್ಕೊಂಡ್ರೂ ತಾಯಿಗೆ ಕೇಳ್ಸತ್ತೆ. ಶುಕ್ರವಾರ ಆ ವೃತ್ತದಲ್ಲಿ ನಿಲ್ಲೋಳು ಯಾರು, ಅದ್ನ ಹೇಳು. ನೀನೇ ತಾನೇ?"

ಹೌದು, ಮಾನ್ಯರೇ, ನಾನೇ. ಬೆಲ್ಲ ಮುಗಿದಿದೆ, ಅಕ್ಕಿ ಮುಗಿಯುತ್ತಿದೆ, ಹಸು ಕರೆಯುವ ಹೊತ್ತು ಬದಲಾಗಿಲ್ಲ, ತಮ್ಮ ಆದೇಶವೂ ಬದಲಾಗಿಲ್ಲ. ಎರಡು ಮನೆಯ ಹಸು ಕರೆದು ಇಳಿಯುವ ನಾನು ಇನ್ನೂ ತಡವಾಗಿಯೇ ಬರುತ್ತೇನೆ.

ಆದ್ದರಿಂದ ಕೇಳುತ್ತೇನೆ. ಆ ವೃತ್ತಗಳನ್ನು ರಸ್ತೆಯಿಂದ ಅಳಿಸಿ. ಸಾಲನ್ನು ಅಂಗಡಿಯ ಹಿಂದಿನ ಹುಲ್ಲಿನ ಬಯಲಿಗೆ ತಿರುಗಿಸಿ, ಜಾಗ ಕೊಡುತ್ತೇನೆಂದು ದೋನ್ ಅನ್ಸೆಲ್ಮೊ ಮೊದಲ ದಿನವೇ ಹೇಳಿದ್ದರು, ಕೇಳುವವರು ಇರಲಿಲ್ಲ. ಹಂಪ್ ಅನ್ನು ಮತ್ತೆ ಹಾಕಿಸಿ. ಡಬ್ಬಗಳು ಒಂದು ದಿನ ತಡವಾದರೆ ಯಾರೂ ಸಾಯುವುದಿಲ್ಲ, ಎದಿಲ್ಸನ್‌ನಂಥವರು ಒಂದು ರಾತ್ರಿ ಮಲಗುತ್ತಾರೆ ಎಂದು ಆ ಕಂಪನಿಗಳಿಗೆ ಬರೆಯಿರಿ. ಎರ್ಮಿಂದಾಳ ಹೆಸರಿನ ಮುಂದಿರುವ ಅಶಿಸ್ತು ಎಂಬ ಪದವನ್ನು ಹೊಡೆದು ಹಾಕಿ. ಬಣ್ಣ ಉಳಿದಿದ್ದರೆ ಅದನ್ನೇ ಬಳಸಬಹುದು.

ಇದ್ಯಾವುದೂ ಶುಕ್ರವಾರದೊಳಗೆ ಆಗದಿದ್ದರೆ ತಮ್ಮ ಆದೇಶಗಳನ್ನು ನಾವು ಅಕ್ಷರಶಃ ಪಾಲಿಸುತ್ತೇವೆ. ಪಾದ್ರಿಗಳ ಜೊತೆ ಮಾತಾಡಿಯಾಗಿದೆ, ಅವರು ಉಗ್ರಾಣದ ಬೀಗದ ಕೈ ಕೊಟ್ಟಿದ್ದಾರೆ, ತಾಯಿಯನ್ನು ರಸ್ತೆಗೆ ಹೊತ್ತು ತರಲೂ ಒಪ್ಪಿದ್ದಾರೆ. ಶುಕ್ರವಾರ ಹೆಂಗಸರ ದಿನ, ಕಾರ್ಮೆನ್ ಮಾತೆ ಹೆಂಗಸು. ಮಾಸ್ಕ್ ನಾನು ಹೊಲಿದಿದ್ದೇನೆ, ಅವಳ ನಿಲುವಂಗಿಯ ಕಂದು ಬಟ್ಟೆಯಲ್ಲೇ. ಎಲ್ಲರಿಗಿಂತ ತಡವಾಗಿ ಬರುವವಳು ಅವಳಾದ್ದರಿಂದ ಕೊನೆಯ ವೃತ್ತ ಅವಳದು. ಸುತ್ತ ಆ ಹೆಡ್‌ಲೈಟುಗಳನ್ನು ಒಂದೂ ಬಿಡದೆ ಜೋಡಿಸುತ್ತೇವೆ, ಎರಡು ಮೀಟರ್ ಅಂತರ ಕಾಯ್ದುಕೊಂಡೇ. ತಮ್ಮ ಪೊಲೀಸ ಬಂದು ಅವಳ ಗುರುತಿನ ಚೀಟಿ ಕೇಳಲಿ. ವೃತ್ತ ಬಿಟ್ಟು ಅವಳು ಹೊರಗೆ ಹಾರುವುದಿಲ್ಲ, ಆ ಭರವಸೆ ನಾನು ಕೊಡುತ್ತೇನೆ. ಬದುಕಿರುವ ಹೆಂಗಸರು ನಿಂತಾಗ ನಿಲ್ಲದ ಲಾರಿಗಳು ಅವಳಿಗೆ ನಿಲ್ಲುತ್ತವೆ.

ಅಂದು ಆ ಸಾಲಿನಲ್ಲಿ ತಮ್ಮ ಕಚೇರಿಯ ಕಾರೂ ಸಿಕ್ಕಿಕೊಂಡರೆ, ದಯವಿಟ್ಟು ಈ ಬಾರಿ ಮುಂದೆ ನುಗ್ಗಬೇಡಿ.

ಇಂತಿ, ಕೊನೆಯದಕ್ಕಿಂತ ಒಂದು ವೃತ್ತ ಮುಂದೆ ನಿಂತಿದ್ದರಿಂದ ಈ ಪತ್ರ ಬರೆಯಲು ಉಳಿದ,
ಬ್ರಿಸೇಯ್ದಾ ಉಂಬರೀಲಾ
ಹಾಲು ಮಾರುವವಳು, ಕಾರ್ಮೆನ್ ಮಾತೆಯ ಮಗಳು