ಸುನಂದಾ ಕೇಳಿದ್ದ ‘ಪುಟ್ ಅಪ್ ವಿತ್’

ಶ್ರೀನಿವಾಸಪುರ
ಮಂಗಳವಾರ, ೧೩ ಆಗಸ್ಟ್ ೨೦೨೪

ನನ್ನ ಸುನಂದಾ,

ಮುಳಬಾಗಿಲಿನಲ್ಲಿ ನೀನು, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಾವೂ ಇದ್ದೇವೆ. ನಿಮ್ಮ ಶಾಲೆಯ ಸಂಚಿಕೆಗೆ ಇಂಗ್ಲಿಷಿನ ‘ಪುಟ್ ಅಪ್ ವಿತ್’ ಎಂಬ ಮಾತಿನ ಚರಿತ್ರೆ ಬರೆದುಕೊಡು ಎಂದು ನೀನು ಜೂನ್‌ನಲ್ಲೇ ಕೇಳಿದ್ದೆ. ಹತ್ತನೇ ಕ್ಲಾಸಿಗೆ ಇಂಗ್ಲಿಷ್ ಪಾಠ ಮಾಡುವವಳಿಗೆ ಇದೇನು ಮಹಾ, ವಾರದಲ್ಲಿ ಕೊಡುತ್ತೇನೆ ಎಂದು ಜಂಬ ಕೊಚ್ಚಿದವಳು ನಾನೇ. ತಡವಾಯಿತು, ಬಯ್ಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯ ಗೋಡೆಗೋಡೆಗೂ ನಮ್ಮ ಯಜಮಾನರ ಕಿವಿ ಇದೆ. ಅದಕ್ಕೇ ಕಾಗದ.

ಮೊದಲು ನೀನು ಕೇಳಿದ್ದು. ‘ಪುಟ್ ಅಪ್’ ಎಂದರೆ ಹಿಂದೆ ಎತ್ತಿ ಒಳಗಿಡುವುದು ಎಂದೂ ಅರ್ಥವಿತ್ತು. ಸಾಮಾನು ಕಟ್ಟಿಡುವುದಕ್ಕೂ ಅದೇ ಮಾತು, ಹಿರಿದ ಕತ್ತಿಯನ್ನು ಒರೆಗೆ ಸೇರಿಸುವುದಕ್ಕೂ ಅದೇ. ನಾನೂರು ವರ್ಷದ ಹಿಂದೆ ಅವಮಾನವನ್ನೂ ಹಾಗೆಯೇ ‘ಪುಟ್ ಅಪ್’ ಮಾಡುತ್ತಿದ್ದರು, ಅಂದರೆ ತಿರುಗಿ ಏಟು ಕೊಡದೆ ನುಂಗಿಕೊಂಡು ನಡೆಯುವುದು. ‘ವಿತ್’ ಎಂಬ ಬಾಲ ಅಂಟಿಕೊಂಡದ್ದು ಆಮೇಲೆ, ಹದಿನೆಂಟನೇ ಶತಮಾನದ ಹೊತ್ತಿಗೆ. ಇಷ್ಟನ್ನು ಸಲೀಸಾಗಿ ಬರೆದೆ. ‘ಈಗ ಇದರ ಅರ್ಥ ಸಹಿಸಿಕೊಳ್ಳುವುದು’ ಎಂದು ಶುರುಮಾಡಿದ ವಾಕ್ಯ ಮಾತ್ರ ಮುಂದಕ್ಕೆ ಹೋಗಲಿಲ್ಲ. ಅವತ್ತೇ ಶ್ವೇತ ಮನೆಗೆ ಬಂದಳು.

ನಮ್ಮ ಶ್ವೇತಳನ್ನು ಸುಗಟೂರಿಗೆ ಕೊಟ್ಟಿರುವುದು ನಿನಗೆ ಗೊತ್ತಲ್ಲ, ರೇಷ್ಮೆ ಬೆಳೆಯುವವರ ಮನೆ. ಈ ಸಲ ಅವರ ಹುಳುವಿಗೆ ಹಾಲುತೊಂಡೆ ರೋಗ ತಗುಲಿ, ಗೂಡು ಕಟ್ಟುವ ಮೊದಲೇ ತಟ್ಟೆ ತಟ್ಟೆಯೇ ಸತ್ತುಹೋಯಿತಂತೆ. ಒದ್ದೆ ಸೊಪ್ಪು ಹಾಕಿದ್ದರೋ, ಸೆಕೆ ಹೆಚ್ಚಾಗಿತ್ತೋ, ಅದನ್ನು ಯಾರೂ ನೋಡಲಿಲ್ಲ. ಹೊರಗಾಗಿದ್ದ ಸೊಸೆ ಹುಳುವಿನ ಮನೆಗೆ ಕಾಲಿಟ್ಟಳು, ಮುಟ್ಟು ತಾಗಿ ಬೆಳೆ ಹೋಯಿತು ಎಂದು ಅತ್ತೆ ಬೈರಮ್ಮ ಊರಿಗೆಲ್ಲ ಸಾರಿದರು. ಅಳಿಯ ಅನಿಲ್‌ಕುಮಾರ್ ಇವಳನ್ನು ಹೊರಗೆ ಎಳೆದ ರಭಸಕ್ಕೆ ಮಣಿಕಟ್ಟಿನ ಮೂಳೆ ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಒಬ್ಬಳೇ ಬಸ್ಸು ಹತ್ತಿ ಬಂದಳು ಕಣೇ. ಬಾಗಿಲು ತೆಗೆದರೆ, ಹಸಿವಾಗ್ತಿದೆ ಅಮ್ಮ ಎಂದಳು, ಅಷ್ಟೇ.

ಮೊನ್ನೆ ಭಾನುವಾರ ನಮ್ಮ ಹಜಾರದಲ್ಲೇ ನ್ಯಾಯಕ್ಕೆ ಕೂತರು. ಅವರ ಕಡೆಯಿಂದ ಬೈರಮ್ಮ, ಅನಿಲ್‌ಕುಮಾರ್. ಮಧ್ಯಸ್ಥಿಕೆಗೆ ಯಲ್ದೂರಿನ ವೆಂಕಟರಾಯಪ್ಪನವರು, ನಮ್ಮವರ ದೊಡ್ಡಪ್ಪ. ಹುಡುಗಿ ಅಡುಗೆಮನೆಯಲ್ಲೇ ಇರಲಿ ಎಂದರು. ಹುಳು ಹೋದದ್ದರ ಬಗ್ಗೆ ಕಾಫಿ ಎರಡು ಸಲ ಆಗುವಷ್ಟು ಮಾತಾಯಿತು, ಕೈ ಹೋದದ್ದರ ಬಗ್ಗೆ ಸೊಲ್ಲಿಲ್ಲ. ಕೊನೆಗೆ ದೊಡ್ಡಪ್ಪ ತೆಲುಗಿನಲ್ಲಿ “ಸರ್ದುಕುಪೋವಾಲಮ್ಮಾ” ಎಂದರು, ಹೊಂದಿಕೊಂಡು ಹೋಗಬೇಕು ತಾಯಿ ಎಂದು. ನನಗೆ ಮೈಯೆಲ್ಲ ಉರಿಯಿತು. ಅವಮಾನ ನುಂಗಿಕೊಂಡ ಆ ಇಂಗ್ಲಿಷಿನ ಗಂಡಸಿನ ಸೊಂಟದಲ್ಲಿ ಕತ್ತಿಯಾದರೂ ಇತ್ತು, ಬೇಡವೆಂದು ಅವನೇ ಒಳಗಿಟ್ಟ. ನನ್ನ ಮಗಳ ಹತ್ತಿರ ಏನಿತ್ತು ಒಳಗಿಡುವುದಕ್ಕೆ?

ನ್ಯಾಯ ಮುಗಿಯಿತು ಎನ್ನುವುದಕ್ಕೆ ನಮ್ಮಲ್ಲಿ ಎಲೆ ಅಡಿಕೆ ಕೊಡುತ್ತಾರಲ್ಲ. ಹುಡುಗಿಯ ತಾಯಿ ಅದನ್ನು ತೆಗೆದುಕೊಂಡಳೆಂದರೆ ಆಯಿತು, ಆ ಮಾತನ್ನು ಮತ್ತೆ ಯಾರೂ ಎತ್ತುವಂತಿಲ್ಲ, ಹುಡುಗಿ ಗಂಡನ ಹಿಂದೆ ಹೊರಡಬೇಕು. ಬೈರಮ್ಮ ತಟ್ಟೆ ತಂದು ನನ್ನ ಮುಂದೆ ಹಿಡಿದರು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ನಮ್ಮ ಯಜಮಾನರು ಕಣ್ಣಿನಲ್ಲೇ ತಗೋ ಎಂದು ಗದರಿದರು. ಭಯವಾಗಲಿಲ್ಲ ಎಂದರೆ ಸುಳ್ಳಾದೀತು ಸುನಂದಾ.

“ಹುಳ ಯಾಕೆ ಸತ್ತೋಯ್ತು ಅಂತ ಎಲ್ರೂ ಕೇಳಿದ್ರಿ,” ಎಂದೆ. “ನನ್ ಮಗಳ ಕೈ ಮುರ್ದಿದ್ದು ಯಾರು ಅಂತ ಒಬ್ರೂ ಕೇಳ್ಲಿಲ್ಲ. ಅದನ್ನ ಕೇಳೋವರ್ಗೂ ನಾನು ಎಲೆ ಮುಟ್ಟಲ್ಲ.”

ಬೈರಮ್ಮ ತಟ್ಟೆಯನ್ನು ನೆಲಕ್ಕೆ ಕುಕ್ಕಿ ಎದ್ದರು. ದೊಡ್ಡಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಓದಿದ ಹೆಂಗಸಿರುವ ಮನೆಯಲ್ಲಿ ನ್ಯಾಯ ಮಾಡಬಾರದು ಎಂದು ಗೊಣಗುತ್ತ ಹೊರಟರು. ಹೋಗಲಿ ಬಿಡು. ಅವತ್ತಿನಿಂದ ಇವರು ನನ್ನೊಡನೆ ಮಾತು ಬಿಟ್ಟಿದ್ದಾರೆ, ನನಗೇನೂ ನಷ್ಟವಿಲ್ಲ. ಶ್ವೇತ ಮಾತ್ರ ಮಂಕಾಗಿದ್ದಾಳೆ. ಕೇಳಿದರೆ ಏನೂ ಇಲ್ಲಮ್ಮ ಎನ್ನುತ್ತಾಳೆ. ಹೇಗೋ ಗೆದ್ದೆ ಎಂದು ಯಾರಿಗಾದರೂ ಹೇಳಬೇಕೆನಿಸಿತು, ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಅರ್ಧಕ್ಕೆ ನಿಂತ ಆ ಕೊನೆಯ ವಾಕ್ಯವನ್ನು ನೀನೇ ಬರೆದುಕೋ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ, ಗಟ್ಟಿಯಾಗಿ ಮಾತಾಡಲಿ.

ನಿನ್ನ
ಗಂಗಾಲಕ್ಷ್ಮಿ

ವಿ. ಸೂ.: ಬುಧವಾರ. ಕಾಗದವನ್ನು ಕವರಿಗೆ ಹಾಕದೆ ಇದ್ದದ್ದು ಒಳ್ಳೆಯದಾಯಿತು. ಈ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಶ್ವೇತ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸುಗಟೂರಿಗೆ ಹೋಗುತ್ತಾಳಂತೆ. ಅಡ್ಡ ನಿಂತೆ, ಬೈದೆ, ತಲೆ ಕೆಟ್ಟಿದೆಯಾ ಎಂದು ಕೂಗಾಡಿದೆ. ಅವಳು ದನಿ ಎತ್ತಲೇ ಇಲ್ಲ.

“ಭಾನುವಾರ ಅವರೆಲ್ಲ ಹೋದ್ಮೇಲೆ ಅಪ್ಪ ನಿನ್ ಕೆನ್ನೆಗೆ ಹೊಡೆದ್ರಲ್ಲ, ನಾನು ಅಡುಗೆಮನೆ ಬಾಗಿಲಲ್ಲೇ ಇದ್ದೆ,” ಎಂದಳು. “ನೀನು ಒಂದ್ ಮಾತೂ ಆಡ್ದೆ ಅವರಿಗೆ ಅನ್ನ ಬಡಿಸ್ದೆ. ನೀನೇ ತಡ್ಕೊಂಡ್ಮೇಲೆ ನಂದೇನಮ್ಮ?”

ಆ ಏಟಿನ ವಿಷಯವನ್ನು ನಿನಗೂ ಬರೆಯದೆ ಬಿಟ್ಟಿದ್ದೆ ನೋಡು. ಅದು ಮೊದಲನೆಯ ಏಟೂ ಅಲ್ಲ. ನಾನು ಬಾಗಿಲು ಬಿಟ್ಟು ಸರಿದೆ, ಅವಳು ಬಸ್ಸು ಹತ್ತಿ ಹೋದಳು.

ಶಾಲೆಗೆ ರಜೆ ಹಾಕಿದ್ದೇನೆ. ಈ ಕಾಗದವನ್ನು ನಿಮ್ಮೂರ ಬಸ್ಸಿನ ಕಂಡಕ್ಟರ್ ಸುರೇಶನ ಕೈಗೆ ಕೊಟ್ಟು ನಾನೂ ಸುಗಟೂರಿಗೆ ಹೊರಡುತ್ತೇನೆ, ಅವನು ಮಧ್ಯಾಹ್ನದೊಳಗೆ ನಿನಗೆ ಮುಟ್ಟಿಸುತ್ತಾನೆ. ಅವಳನ್ನು ಕರೆದುಕೊಂಡೇ ಬರುತ್ತೇನೆ, ಆದರೆ ಈ ಮನೆಗಲ್ಲ. ನಿಮ್ಮ ಮಹಡಿಯ ಮೇಲಿನ ರೂಮು ಖಾಲಿ ಇದೆಯಲ್ಲ, ಬೀಗ ತೆಗೆಸಿಡು. ಅವಳೊಬ್ಬಳಿಗಲ್ಲ ಸುನಂದಾ, ಇಬ್ಬರಿಗೆ.