ಕಿಟಕಿಯಲ್ಲಿಟ್ಟ ಜಾಡಿ

ಅಕ್ಟೋಬರ್ 14, ಸೋಮವಾರ

ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಯಾರಿಗೆ ಹೇಳುತ್ತಿದ್ದೇನೋ ಗೊತ್ತಿಲ್ಲ. ಬರೆಯುವಂಥದ್ದೂ ಏನಿಲ್ಲ. ಇಂಗ್ಲೆಂಡಿನ ಹಾಸ್ಟೆಲ್ ಶಾಲೆಯಲ್ಲಿ ಯಾರಾದರೂ ಡೈರಿ ಇಟ್ಟರೆ ಉಳಿದವರು ಕದ್ದು, ಬೆಂಚಿನ ಮೇಲೆ ನಿಂತು ಓದುತ್ತಿದ್ದರು. ಹಾಗಾಗಿ ಎಂದೂ ಇಟ್ಟಿರಲಿಲ್ಲ. ಇಲ್ಲಿ ರೂಮಿಗೆ ಇಬ್ಬರೇ. ದುನ್ಯಾ ಕದಿಯುವವಳಲ್ಲ.

ಇವತ್ತೂ ಮೆನ್ಸಾದಲ್ಲೇ ಊಟ. ಬೇರೆಲ್ಲಿ... ಅಪ್ಪನ ಊರಾದ ಈ ನೀಶ್‌ನಲ್ಲಿ ವಿದ್ಯಾರ್ಥಿಗಳ ಹೊಟ್ಟೆಯೆಲ್ಲ ಆ ಕ್ಯಾಂಟೀನಿನ ಕೈಯಲ್ಲಿದೆ. ಬೀನ್ಸ್ ಸಾರು, ಬ್ರೆಡ್ಡು, ಎಲೆಕೋಸು. ತಟ್ಟೆ ಹಿಡಿದು ಎಲ್ಲಿ ಕೂರಲಿ ಅಂತ ನಿಂತಿದ್ದೆ. ಹಾಸ್ಟೆಲ್ಲಿನಲ್ಲೇ ಬೆಳೆದವಳು, ಆದರೂ ಈ ಒಂದು ಕ್ಷಣ ಇನ್ನೂ ಅಭ್ಯಾಸವಾಗಿಲ್ಲ. ದುನ್ಯಾ ಹಿಂದಿನಿಂದ ತಳ್ಳಿದಳು.

"ಏನೇ ಇಂಗ್ಲಿಷ್ ರಾಣಿ, ಸಿಂಹಾಸನ ತರಿಸಬೇಕಾ? ಕೂತ್ಕೋ."

ಆಮೇಲೆ ಪಾಠ ಶುರು. ಎಡಗಡೆ ಕ್ಯೂನಲ್ಲೇ ನಿಲ್ಲಬೇಕಂತೆ, ಅಲ್ಲಿ ಬಡಿಸುವುದು ತೇತಾ ವೆರಿತ್ಸಾ. ತೇತಾ ಅಂದರೆ ಅತ್ತೆ. ಹಾಗೆ ಕರೆದರೆ ಸೌಟು ಪಾತ್ರೆಯ ತಳಕ್ಕೆ ಇಳಿಯುತ್ತದೆ, ಮೇಡಂ ಅಂದರೆ ಬರೀ ನೀರು. ನಾನು ಮೇಡಂ ಅಂದಿದ್ದೆ.

ಅಕ್ಟೋಬರ್ 21

ದುನ್ಯಾ ತನ್ನ ಊರು ಪಿರೋಟ್‌ನಿಂದ ಬಂದಳು. ಬ್ಯಾಗಿನಲ್ಲಿ ಎರಡು ಗಾಜಿನ ಜಾಡಿ. ಕೆಂಪು ದೊಣ್ಣೆಮೆಣಸು ಸುಟ್ಟು, ಸಿಪ್ಪೆ ತೆಗೆದು, ಎಣ್ಣೆಯಲ್ಲಿ ಗಂಟೆಗಟ್ಟಲೆ ಕಾಯಿಸಿದ ಐವಾರ್. ಸೆಪ್ಟೆಂಬರಿನಲ್ಲಿ ಅವಳ ಅಪ್ಪ ಅಂಗಳದಲ್ಲಿ ನಿಂತು ತಾವೇ ಮಾಡಿದ್ದು. ಮಾಡಿ ಮುಗಿಸಿದ ವಾರವೇ ಆಸ್ಪತ್ರೆ ಸೇರಿದರಂತೆ. ಶ್ವಾಸಕೋಶ.

"ಒಂದು ನಂದು, ಒಂದು ನಿಂದು," ಅಂದಳು. "ಜಾಡಿ ಮಾತ್ರ ವಾಪಸ್ ಕೊಡಬೇಕು. ಮಗಳನ್ನ ಕಳಕೊಂಡ್ರೂ ಅಪ್ಪ ಸುಮ್ಮನಿರ್ತಾನೆ, ಜಾಡಿ ಕಳಕೊಂಡ್ರೆ ಇಲ್ಲ."

ಫ್ರಿಜ್ ಇಲ್ಲ. ಕಿಟಕಿಯ ಎರಡು ಗಾಜಿನ ನಡುವೆ ಇಟ್ಟೆವು. ಹೊರಗಿನ ಚಳಿಯೇ ಫ್ರಿಜ್.

ಇವತ್ತು ಮೆನ್ಸಾದಲ್ಲಿ ಉಪ್ಪಿಲ್ಲದ ಅನ್ನ, ಬೇಯಿಸಿದ ಕೋಳಿ. ದುನ್ಯಾ ಕೋಟಿನ ಜೇಬಿನಿಂದ ಜಾಡಿ ತೆಗೆದು ನನ್ನ ತಟ್ಟೆಗೆ ಒಂದು ಚಮಚ ಹಾಕಿದಳು. ಪಕ್ಕದ ಮೇಜಿನ ಹುಡುಗರು ಬ್ರೆಡ್ಡು ಹಿಡಿದು ಬಂದರು. "ಇದು ಅಪ್ಪನ ಶ್ವಾಸಕೋಶ ಕಣ್ರೋ, ಒಬ್ಬರಿಗೆ ಒಂದೇ ಚಮಚ," ಅಂದಳು. ನಗುತ್ತಲೇ ಅಂದಳು. ನಾನು ನಗಬೇಕೋ ಬೇಡವೋ ಅಂತ ನೋಡುತ್ತಾ ಕೂತೆ.

ನವೆಂಬರ್ 13

ತೇತಾ ವೆರಿತ್ಸಾ ಈಗ ಕೇಳುವುದೇ ಇಲ್ಲ, ಇಬ್ಬರಿಗೂ ತಳದಿಂದ. ಬೆಳಗಿನ ಜಾಮ್ ಪೊಟ್ಟಣ ಸಂಜೆಗೆ, ಮಧ್ಯಾಹ್ನದ ಸೇಬು ರಾತ್ರಿಯ ಓದಿಗೆ. ನನ್ನ ಜಾಡಿಯ ತಳ ಆಗಲೇ ಕಾಣುತ್ತಿದೆ. ಇಂಗ್ಲೆಂಡಿನ ಹಾಸ್ಟೆಲ್ಲಿನಲ್ಲಿ ಎಂಟು ವರ್ಷ ತಿಂದೆ. ಇಷ್ಟು ಚೆನ್ನಾಗಿ ತಿಂದ ನೆನಪಿಲ್ಲ.

ದುನ್ಯಾ ನಾಳೆ ಊರಿಗೆ. ಶನಿವಾರ ಅವರ ಮನೆಯ ಸ್ಲಾವಾ, ಮನೆತನದ ಸಂತನ ಹಬ್ಬ. ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಬಿಟ್ಟಿದ್ದಾರೆ.

"ಸೌಟು ಹಿಡಿಯೋಕೂ ಆಗಲ್ಲ, ಆದ್ರೂ ವೈನ್ ತಾನೇ ಸುರೀತಾನಂತೆ," ಅಂದಳು ಊಟ ಮಾಡುತ್ತಾ. "ಅಮ್ಮ ಆಗಲೇ ಎಲೆಕೋಸಿನ ಎಲೇಲಿ ಸರ್ಮಾ ಸುತ್ತೋಕೆ ಶುರು ಮಾಡಿದ್ದಾಳೆ. ಊರಿಗೆಲ್ಲ ಆಗೋಷ್ಟು." ಬ್ರೆಡ್ಡಿನಿಂದ ತಟ್ಟೆ ಒರೆಸುತ್ತಾ, "ಶನಿವಾರ ಹತ್ತು ಗಂಟೆಗೆ ಇಲ್ಲಿಂದ ಒಂದು ಬಸ್ಸಿದೆ. ನಮ್ಮ ಮನೆ ಎದುರಿಗೇ ನಿಲ್ಲುತ್ತೆ."

"ಒಳ್ಳೇದು," ಅಂದೆ.

ಕರೆಯುತ್ತಾಳೇನೋ ಅಂತ ಕಾದೆ. ತಟ್ಟೆ ಎತ್ತಿಕೊಂಡು ಹೊರಟಳು.

ನವೆಂಬರ್ 16, ಮಧ್ಯಾಹ್ನ

ಕೋಟು ಹಾಕಿಕೊಂಡೇ ಮಂಚದ ಮೇಲೆ ಕೂತಿದ್ದೆ. ಮೆಸೇಜ್ ಬರಬಹುದು ಅಂತ. ಚಾಕಲೇಟ್ ಡಬ್ಬಿಯನ್ನೂ ತಂದಿದ್ದೆ, ಅಕಸ್ಮಾತ್ ಕರೆದರೆ ಬರಿಗೈ ಆಗಬಾರದಲ್ಲ. ಹತ್ತಾಯಿತು. ಹನ್ನೊಂದಾಯಿತು. ಕೋಟು ಬಿಚ್ಚಿದೆ.

ಮೆನ್ಸಾ ಖಾಲಿ. ಎಲ್ಲರೂ ಯಾರದೋ ಸ್ಲಾವಾಗೆ ಹೋಗಿದ್ದಾರೆ. ತೇತಾ ವೆರಿತ್ಸಾ ಕೂಡ ಇಲ್ಲ. ಉಪ್ಪಿಲ್ಲದ ಅನ್ನ. ನನ್ನ ಜಾಡಿ ತೆಗೆಯಲು ಮನಸ್ಸಾಗಲಿಲ್ಲ.

ಬೇಡ ಅನ್ನಿಸಿರಬೇಕು ಅವಳಿಗೆ. ಮೆನ್ಸಾಗೆ ಸರಿ, ಮನೆಗೆ ಬೇಡ. ಇರಲಿ. ಇದೇನು ಹೊಸದಲ್ಲ ನನಗೆ.

ನವೆಂಬರ್ 18

ದುನ್ಯಾ ಬಂದಳು, ಬ್ಯಾಗು ಎಸೆದು ಕ್ಲಾಸಿಗೆ ಹೋದಳು. ಮಧ್ಯಾಹ್ನ ಕಿಟಕಿ ಪಕ್ಕದ ಮೇಜಿನಲ್ಲಿ ಕ್ಲಾಸಿನ ಯೊವಾನ್ಕಾ ಜೊತೆ ಕೂತಿದ್ದಳು. ತಟ್ಟೆ ಹಿಡಿದು ಹೋಗಿ ನಿಂತೆ.

"ಹಬ್ಬ ಚೆನ್ನಾಗಾಯ್ತಾ?"

"ಅಪ್ಪ ದಿನವಿಡೀ ಬಾಗಿಲ ಕಡೆ ಮುಖ ಮಾಡ್ಕೊಂಡೇ ಕೂತಿದ್ದ. ನಾಯಿ ಬೊಗಳಿದಾಗೆಲ್ಲ, 'ನೋಡೇ, ನಿನ್ನ ಇಂಗ್ಲಿಷ್‌ನೋಳು ಬಂದ್ಲೇನೋ' ಅಂತ. ಪಕ್ಕದ ಕುರ್ಚಿಲಿ ಯಾರನ್ನೂ ಕೂರೋಕೆ ಬಿಡಲಿಲ್ಲ. ನಮ್ಮ ಸೋದರಮಾವ ನಿಂತ್ಕೊಂಡೇ ಊಟ ಮಾಡಿದ."

ತಟ್ಟೆಯನ್ನು ಮೇಜಿನ ಮೇಲಿಟ್ಟೆ. "ನೀನು ಕರೀಲೇ ಇಲ್ವಲ್ಲ."

"ಕರೀಬೇಕಿತ್ತಾ?" ನಿಜವಾಗಿಯೂ ಅರ್ಥವಾಗದವಳ ಹಾಗೆ ನೋಡಿದಳು. "ಬಸ್ಸು ಎಷ್ಟೊತ್ತಿಗೆ ಅಂತ ಹೇಳಿದ್ನಲ್ಲ. ಇನ್ನೇನು, ಕಾರ್ಡ್ ಅಚ್ಚು ಹಾಕಿಸಬೇಕಿತ್ತಾ?"

ಯೊವಾನ್ಕಾ ಬ್ರೆಡ್ಡು ನೋಡುತ್ತಾ ಕೂತಿದ್ದಳು.

ಅದೇ ದಿನ, ಸಂಜೆ

ನನ್ನ ಅಪ್ಪನಿಗೆ ಫೋನ್ ಮಾಡಿದೆ. ಅವನು ಹುಟ್ಟಿದ್ದು ಇದೇ ಊರಿನಲ್ಲಿ. ಇಂಗ್ಲೆಂಡಿಗೆ ಹೋಗಿ, ಅಮ್ಮನನ್ನು ಮದುವೆಯಾಗಿ, ಅಲ್ಲೇ ನಿಂತವನು. ನಡೆದದ್ದು ಹೇಳಿದೆ.

"ಸ್ಲಾವಾಗೆ ಯಾರೂ ಯಾರನ್ನೂ ಕರೆಯಲ್ಲ ನೆವೆನಾ. ಬಾಗಿಲು ತೆಗೆದಿರುತ್ತೆ, ಬೇಕಾದವರು ಬರ್ತಾರೆ. ಕರೆದ್ರೆ ನೀನು ಹೊರಗಿನವಳು ಅಂದ ಹಾಗೆ."

"ನಂಗೆ ಯಾರು ಹೇಳಿಕೊಟ್ಟಿದ್ರು?"

"ಯಾರೂ ಇಲ್ಲ," ಅಂದ. "ಇಂಗ್ಲೆಂಡಿಗೆ ಬಂದ ಮೊದಲ ವರ್ಷ ನಾನೂ ಸ್ಲಾವಾ ಮಾಡಿದ್ದೆ. ಬಾಗಿಲು ತೆಗೆದು ಕೂತಿದ್ದೆ. ಯಾರೂ ಬರಲಿಲ್ಲ. ಅವರಿಗೆ ಹೇಗೆ ಗೊತ್ತಾಗಬೇಕು, ಪಾಪ. ಆಮೇಲೆ ಬಿಟ್ಟುಬಿಟ್ಟೆ."

ಆಮೇಲೆ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು.

ನವೆಂಬರ್ 27

ಇವತ್ತು ದುನ್ಯಾಗೆ ಹೇಳಬೇಕು ಅಂದುಕೊಂಡೆ, ಯಾಕೆ ಬರಲಿಲ್ಲ ಅಂತ. ವಾಕ್ಯ ಕೂಡ ರೆಡಿ ಇತ್ತು. ಬಟ್ಟೆ ಮಡಿಸುತ್ತಿದ್ದಳು, ಬೆನ್ನು ನನ್ನ ಕಡೆ. ಆಗಲಿಲ್ಲ. ನಾಳೆ.

ಡಿಸೆಂಬರ್ 4

ನಾಳೆ.

ಡಿಸೆಂಬರ್ 6

ಬೆಳಿಗ್ಗೆ ಎದ್ದಾಗ ದುನ್ಯಾ ಮಂಚ ಖಾಲಿ. ಮೆನ್ಸಾ ಕ್ಯೂನಲ್ಲಿ ಯೊವಾನ್ಕಾ ಹೇಳಿದಳು: ದುನ್ಯಾಳ ಅಪ್ಪ ನಿನ್ನೆ ಹೋಗಿಬಿಟ್ಟರಂತೆ. ಮಣ್ಣು ಇವತ್ತೇ.

ಬಸ್ ಸ್ಟ್ಯಾಂಡಿನ ತನಕ ಹೋದೆ. ಪಿರೋಟ್ ಬಸ್ಸು ನಿಂತಿತ್ತು, ಡ್ರೈವರ್ ಸಿಗರೇಟು ಸೇದುತ್ತಿದ್ದ. "ಬಸ್ ಹತ್ತು ಮಗಳೇ, ಚಳಿ," ಅಂದ. ಬದುಕಿದ್ದಾಗ ಬಾರದವಳು ಈಗ ಯಾವ ಮುಖ ಹೊತ್ತು ಹೋಗಲಿ... ಅವರಿಗೆ ಇಷ್ಟವಿದೆಯೋ ಇಲ್ಲವೋ... ಒಂದು ಮಾತು ಹೇಳಿಕಳಿಸಿದ್ದರೆ... ಬಸ್ಸು ಹೋಯಿತು.

ಹಾಸ್ಟೆಲ್ಲಿಗೆ ವಾಪಸ್ ಬರುವ ದಾರಿಯಲ್ಲಿ ಹೊಳೆಯಿತು. ಮತ್ತೆ ಅದನ್ನೇ ಮಾಡಿದೆ. ಮತ್ತೆ ಕರೆಯಲಿ ಅಂತ ಕಾದೆ.

ಡಿಸೆಂಬರ್ 17

ತೇತಾ ವೆರಿತ್ಸಾ ಇವತ್ತೂ ಅಭ್ಯಾಸಬಲದಿಂದ ಎರಡು ತಟ್ಟೆ ತೆಗೆದುಕೊಂಡರು. ಆಮೇಲೆ ಒಂದನ್ನು ವಾಪಸ್ ಇಟ್ಟರು.

ಡಿಸೆಂಬರ್ 19

ದುನ್ಯಾ ಬಂದಿದ್ದಳು, ಪುಸ್ತಕ ಒಯ್ಯಲು. ಕಪ್ಪು ಸ್ವೆಟರ್, ಕಪ್ಪು ಸ್ಕರ್ಟ್. ಪರೀಕ್ಷೆ ಮುಂದೆ ಹಾಕಿಕೊಂಡಿದ್ದಾಳೆ.

"ಊಟ ಆಯ್ತಾ?" ಅಂತ ನಾನೇ ಕೇಳಿದೆ.

ಹಳೇ ಮೇಜು. ಇಬ್ಬರಿಗೂ ತಳದಿಂದ. ಬೀನ್ಸ್. ರೆಡಿ ಮಾಡಿಟ್ಟ ವಾಕ್ಯ ಮರೆತೇ ಹೋಗಿತ್ತು. "ನಂಗೆ ಗೊತ್ತಿರಲಿಲ್ಲ ದುನ್ಯಾ. ಕೋಟು ಹಾಕ್ಕೊಂಡು ಕೂತಿದ್ದೆ," ಅಂದೆ, ಅಷ್ಟೇ.

ಚಮಚ ನಿಲ್ಲಿಸಿದಳು. "ಎಲ್ಲಿ?"

"ಮಂಚದ ಮೇಲೆ. ಹನ್ನೊಂದರ ತನಕ."

"ಎಂಥಾ ದಡ್ಡಿ ಕಣೇ ನೀನು," ಅಂದಳು. ಕಣ್ಣು ಒರೆಸಿಕೊಳ್ಳಲಿಲ್ಲ, ನೀರು ಹಾಗೇ ಸಾರಿಗೆ ಬೀಳಲು ಬಿಟ್ಟಳು. ತಿಂದು ಮುಗಿಸಿದಳು. ಸೇಬನ್ನು ನನ್ನ ಜೇಬಿಗೆ ಹಾಕಿ ಎದ್ದಳು.

"ಅಪ್ಪನ ನಲವತ್ತನೇ ದಿನದ ಕಾರ್ಯ ಎರಡು ದಿನ ಮುಂಚೆಯೇ, ಜನವರಿ ಹನ್ನೊಂದಕ್ಕೆ. ಶನಿವಾರ."

"ಬಸ್ಸು ಹತ್ತಕ್ಕೇನಾ?"

"ಹತ್ತಕ್ಕೇ."

ಜನವರಿ 7

ಇಲ್ಲಿಯವರ ಕ್ರಿಸ್ಮಸ್ ಇವತ್ತು. ಮೆನ್ಸಾಗೆ ಬೀಗ. ಅಮ್ಮನ ಕ್ರಿಸ್ಮಸ್ ಡಿಸೆಂಬರಿನಲ್ಲೇ ಆಗಿಹೋಯಿತು, ಟಿಕೆಟ್ ಇದ್ದರೂ ಹೋಗಲಿಲ್ಲ. ಎಲ್ಲಿ ಹನ್ನೊಂದು ತಪ್ಪಿಹೋಗುತ್ತೋ ಅಂತ. ಜಾಮ್, ನಿನ್ನೆಯ ಬ್ರೆಡ್ಡು. ಕಿಟಕಿಯಿಂದ ಜಾಡಿ ತೆಗೆದೆ, ಮುಚ್ಚಳ ಬಿಚ್ಚಿ ನೋಡಿ, ಮತ್ತೆ ಅಲ್ಲೇ ಇಟ್ಟೆ.

ಜನವರಿ 10, ಶುಕ್ರವಾರ

ಬಸ್ ಟಿಕೆಟ್ ತಂದೆ. ಕಪ್ಪು ಸ್ವೆಟರನ್ನು ಯೊವಾನ್ಕಾ ಕೊಟ್ಟಳು. ಹೂವು ಸಮಸಂಖ್ಯೆಯಲ್ಲಿರಬೇಕು ಅಂತಲೂ ಅವಳೇ ಹೇಳಿದ್ದು, ಬೆಸ ಬದುಕಿರುವವರಿಗಂತೆ. ಒಂದು ಮಾತ್ರ ಯಾರಿಗೂ ಗೊತ್ತಿಲ್ಲ. ಅಪ್ಪನನ್ನು ಕೇಳಿದೆ, ಅವನಿಗೂ ನೆನಪಿಲ್ಲ. ದುನ್ಯಾಗೆ ಈಗ ಕಳಿಸಿದ್ದು, ಇಲ್ಲೂ ಬರೆದಿಡುತ್ತೇನೆ —

ನಾಳೆ ಬರ್ತಾ ಇದೀನಿ. ಬರಲಾ ಅಂತ ಕೇಳ್ತಾ ಇಲ್ಲ. ಜಾಡಿನೂ ತರ್ತೀನಿ. ತಳದಲ್ಲಿ ಒಂದು ಚಮಚ ಉಳಿದಿದೆ, ನಿಮ್ಮಪ್ಪ ಮಾಡಿದ್ದು. ತೊಳೆದು ತರಲಾ, ಹಾಗೇ ತರಲಾ? ಬೇಗ ಉತ್ತರ ಕೊಡು.